ಹುಬ್ಬಳ್ಳಿಯ ಲೋಕೋ ಶೆಡ್ಡೂ ನಮ್ಮ ಮನೆಯ ಕಂದೀಲೂ

ಒಂದೊಂದು ಊರಿಗೆ ಒಂದೊಂದು ದನಿಯಿರುವುದು. ಕೆಲವು ಊರುಗಳು ಗುಡಿಯ ಗಂಟೆಯಿಂದ ಎಚ್ಚರಗೊಳ್ಳುವುವು, ಕೆಲವು ಕಡಲಿನ ಮೊರೆತದಿಂದ, ಇನ್ನು ಕೆಲವು ಸಂತೆಯ ಗದ್ದಲದಿಂದ. ನಾವು ಹುಟ್ಟಿ ಬೆಳೆದ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವಸತಿಗಳಿಗೆ ಮಾತ್ರ ನಿದ್ರೆಯೆಂಬುದೇ ಇದ್ದಿಲ್ಲ. ಹಗಲಿಗೆ ಕಾರಖಾನೆಯ ಭೋಂಗಾ. ರಾತ್ರಿಗೆ ಲೋಕೋ ಶೆಡ್ಡಿನಲ್ಲಿ ನಿಂತ ಉಗಿಯಂತ್ರಗಳ ನಿಟ್ಟುಸಿರು. ತೊಟ್ಟಿಲ ಕೂಸುಗಳು ಎಂಜಿನಿನ ಸಿಳ್ಳಿಗೆ ಬೆಚ್ಚುತ್ತಿರಲಿಲ್ಲವೆಂದೂ, ಎಂದಾದರೂ ಅರ್ಧ ತಾಸು ಸದ್ದಡಗಿದರೆ ಕಣ್ಣು ಬಿಟ್ಟು ಅಳುತ್ತಿದ್ದವೆಂದೂ ನಮ್ಮ ತಾಯಿಯವರು ಇಂದಿಗೂ ಹೇಳುವುದುಂಟು. ಅವರಿಗೀಗ ತೊಂಬತ್ತರ ಹತ್ತಿರದ ವಯಸ್ಸು. ಈ ಬರಹದಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಅವರ ಬಾಯಿಂದ ಬಂದುದೆಂದು ವಾಚಕರು ತಿಳಿಯಬೇಕು.

ನಮ್ಮ ಊರಿಗೆ ರೈಲು ಬಂದುದು ಬರಗಾಲದ ದೆಸೆಯಿಂದ. ಹಿರಿಯರು ಧಾತು ಈಶ್ವರದ ಬರವೆಂದು ನಿಟ್ಟುಸಿರಿನಿಂದ ನೆನೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ, ಒಂದು ಸೀಮೆಯಲ್ಲಿ ಕಾಳಿದ್ದರೂ ಇನ್ನೊಂದು ಸೀಮೆಗೆ ಅದನ್ನು ಮುಟ್ಟಿಸುವ ದಾರಿಯಿಲ್ಲದೆ ಜನರು ಹುಳುಗಳಂತೆ ಸತ್ತರು. ಆ ಪಾಠವನ್ನು ಕಲಿತ ಮೇಲೆ ಈ ಒಣ ನಾಡಿನಲ್ಲಿ ಹಳಿಗಳನ್ನು ಹಾಸುವ ಯೋಚನೆಯು ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಹುಬ್ಬಳ್ಳಿಯು ಅದರ ಮುಖ್ಯ ಠಾಣ್ಯಗಳಲ್ಲೊಂದಾಗಿ, ಆ ದಶಕದಲ್ಲಿಯೇ ಇಲ್ಲಿ ದೊಡ್ಡ ಕಾರಖಾನೆಯೂ ಎದ್ದಿತು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. 1966ರಲ್ಲಿ ಹುಬ್ಬಳ್ಳಿಯು ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. 2003ರಿಂದ ನೈಋತ್ಯ ರೈಲ್ವೆಯ ಮುಖ್ಯ ಸ್ಥಾನವೇ ಆಗಿರುವುದು. ನಮ್ಮ ತಂದೆಯವರು 1948ರಲ್ಲಿ ಎಂಜಿನು ಒರೆಸುವ ಕೆಲಸಕ್ಕೆ ಸೇರಿ, 1986ರಲ್ಲಿ ಡ್ರೈವರರಾಗಿ ನಿವೃತ್ತರಾಗುವುದರೊಳಗೆ ಇವುಗಳಲ್ಲಿ ಮೂರು ಹೆಸರುಗಳ ಕೆಳಗೆ ದುಡಿದರು. ಎಂಜಿನಿನ ಮೇಲಿನ ಅಕ್ಷರಗಳು ಬದಲಾದವು. ಬುತ್ತಿಯ ರೊಟ್ಟಿ ಬದಲಾಗಲಿಲ್ಲವೆಂದು ಅವರು ನಗುತ್ತಿದ್ದರು.

ಇಂದಿನ ಮಕ್ಕಳಿಗೆ ಲೋಕೋ ಶೆಡ್ಡೆಂದರೇನೆಂದು ತಿಳಿಯದಿರುವುದು ಸಹಜ. ಉಗಿಯಂತ್ರವು ಗುಂಡಿಯನ್ನೊತ್ತಿದೊಡನೆ ಏಳುವ ಪ್ರಾಣಿಯಲ್ಲ. ತಣ್ಣಗಾದ ಎಂಜಿನಿನ ಒಲೆಗೆ ಬೆಂಕಿಯಿಟ್ಟು, ಬಾಯ್ಲರಿನ ನೀರು ಕುದಿದು, ಬಂಡಿಯನ್ನೆಳೆಯುವಷ್ಟು ಉಗಿ ಕೂಡಬೇಕಾದರೆ ಹಲವು ತಾಸುಗಳು ಬೇಕು. ಓಟ ಮುಗಿಸಿ ಬಂದುದರ ಬೂದಿಯನ್ನು ಕುಣಿಯಲ್ಲಿ ಇಳಿಸಬೇಕು, ಕಲ್ಲಿದ್ದಲು ತುಂಬಬೇಕು, ನೀರು ಹಿಡಿಯಬೇಕು, ಕೀಲುಗಳಿಗೆ ಎಣ್ಣೆ ಬಿಡಬೇಕು, ಆಗಾಗ ಬಾಯ್ಲರನ್ನು ಬರಿದುಮಾಡಿ ಒಳಗೆ ಕಟ್ಟಿದ ಗಸಿಯನ್ನು ತೊಳೆಯಬೇಕು. ಇಷ್ಟನ್ನೂ ಮಾಡುವ ಸ್ಥಳವೇ ಲೋಕೋ ಶೆಡ್ಡು. ಅಲ್ಲಿ ಕನ್ನಡಿಗರು, ತಮಿಳರು, ತೆಲುಗರು, ಮರಾಠಿಗರು, ಉರ್ದು ಮಾತಿನವರು, ಆಂಗ್ಲೋ-ಇಂಡಿಯನ್ನರು ಎಲ್ಲರೂ ಇದ್ದರು. ಆದರೆ ಕೆಲಸ ಮುಗಿಸಿ ಹೊರಬರುವಾಗ ಎಲ್ಲರ ಬಣ್ಣವೂ ಒಂದೇ ಆಗಿರುತ್ತಿದ್ದಿತು.

ನಮ್ಮ ಕಡೆಯ ಹಳಿಗಳು ಆಗ ಒಂದು ಮೀಟರು ಅಗಲದವು. ಸ್ವಾತಂತ್ರ್ಯದ ತರುವಾಯ ಈ ಹಳಿಗಳಿಗೆಂದು ಎರಡು ಹೊಸ ಜಾತಿಯ ಎಂಜಿನುಗಳು ಬಂದವು. ಜನರನ್ನು ಒಯ್ಯುವ ಬಂಡಿಗಳಿಗೆ ವಾಯ್-ಪೀ, ಸರಕಿನ ಬಂಡಿಗಳಿಗೆ ವಾಯ್-ಜೀ. ಮೊದಲನೆಯದಕ್ಕೆ ಎಳೆಯುವ ಗಾಲಿಗಳು ಆರು, ಎರಡನೆಯದಕ್ಕೆ ಎಂಟು. ವಾಯ್-ಪೀಯು ಕುದುರೆಯಂತೆ, ವಾಯ್-ಜೀಯು ಎತ್ತಿನಂತೆ ಎಂದು ತಂದೆಯವರು ನಮಗೆ ತಿಳಿಸಿ ಹೇಳಿದ್ದರು. ಅವರ ಪಾಲಿಗೆ ಬಂದುದು ಬಹುಮಟ್ಟಿಗೆ ಎತ್ತು. ಧಾರವಾಡ, ಅಳ್ನಾವರಗಳನ್ನು ದಾಟಿ ಲೋಂಡಾದವರೆಗೆ ಹೋಗುವುದು, ಅಲ್ಲಿ ಹೊರಗಿನವರ ವಿಶ್ರಾಂತಿಗೃಹದಲ್ಲಿ ಮಲಗುವುದು, ಮರುದಿನ ತಿರುಗಿ ಬರುವುದು. ಲೋಂಡಾದಿಂದಾಚೆ, ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಘಟ್ಟದಲ್ಲಿ 37 ಅಡಿಗೆ ಒಂದಡಿಯಂತೆ ಏರು. ಅಲ್ಲಿ ಹಿಂದಿನಿಂದಲೂ ಎಂಜಿನು ಕಟ್ಟಿ ನೂಕದೆ ಬಂಡಿ ಮೇಲೇರುತ್ತಿರಲಿಲ್ಲ. ಆ ಘಟ್ಟದ ಸುದ್ದಿಯನ್ನು ನಮ್ಮ ಮನೆಯಲ್ಲಿ ರಾಮಾಯಣದ ಕಥೆಯಂತೆ ಕೇಳುತ್ತಲಿದ್ದೆವು.

ಆದರೆ ಶೆಡ್ಡಿನ ಕೆಲಸವು ಶೆಡ್ಡಿನಲ್ಲಿಯೇ ತೊಡಗುತ್ತಿದ್ದಿತೆಂದು ತಿಳಿಯಬಾರದು. ಅದು ನಮ್ಮ ಮನೆಯ ಬಾಗಿಲಲ್ಲಿ, ನಡುರಾತ್ರಿಯಲ್ಲಿ ತೊಡಗುತ್ತಿದ್ದಿತು. ಬಂಡಿ ಹೊರಡುವುದಕ್ಕೆ ಸುಮಾರು ಎರಡು ತಾಸು ಮೊದಲು, ಶೆಡ್ಡಿನಿಂದ ಒಬ್ಬನು ದಪ್ಪನೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಚಿಲಕವನ್ನು ಬಡಿಯುವನು. ಇವನಿಗೆ ಕಾಲ್‌ಬಾಯ್ ಎಂದು ಹೆಸರು. ವಯಸ್ಸು ಮಾತ್ರ ಐವತ್ತಕ್ಕೆ ಕಡಿಮೆಯಿದ್ದಿಲ್ಲ. ತಂದೆಯವರು ಎದ್ದು ಆ ಪುಸ್ತಕದಲ್ಲಿ ಸಹಿ ಮಾಡಬೇಕು. ಸಹಿಯಾದ ಮೇಲೆ ಮಳೆಯಿರಲಿ, ಜ್ವರವಿರಲಿ, ಮಗುವಿಗೆ ದಡಾರವೆದ್ದಿರಲಿ, ಹೊರಡಲೇಬೇಕು. ತಾಯಿಯವರು ಆ ಪುಸ್ತಕದ ಮೇಲೆ ಕಂದೀಲು ಹಿಡಿಯುವರು. ಸಹಿಯ ಮಸಿ ಆರುವುದರೊಳಗಾಗಿ ಒಲೆ ಹೊತ್ತಿರುವುದು. ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ, ಹಬ್ಬದ ಮರುದಿನವಾದರೆ ಒಂದು ಹೋಳಿಗೆ. ಇವೆಲ್ಲ ತಗಡಿನ ಪೆಟ್ಟಿಗೆಯೊಳಗೆ ಸೇರುವುವು. ಪೆಟ್ಟಿಗೆಯ ಮೇಲೆ ತಂದೆಯವರ ಹೆಸರು ಬಿಳಿಯ ಅಕ್ಷರಗಳಲ್ಲಿ ಬರೆದಿದ್ದಿತು. ಎಡಗೈಯಲ್ಲಿ ಆ ಪೆಟ್ಟಿಗೆ, ಬಲಗೈಯಲ್ಲಿ ಮನೆಯ ಕಂದೀಲು. ಕತ್ತಲೆಯಲ್ಲಿ ಹಳಿಗಳನ್ನು ದಾಟುತ್ತ ಆ ಬೆಳಕು ಕಿರಿದಾಗುತ್ತ ಹೋಗುವುದನ್ನು ತಾಯಿಯವರು ಬಾಗಿಲಲ್ಲಿ ನಿಂತು ನೋಡುವರು. ಅದು ಶೆಡ್ಡಿನ ಹೊಗೆಯಲ್ಲಿ ಮರೆಯಾದ ಮೇಲೆಯೇ ಕದವಿಕ್ಕುವರು. ಒಂದೇ ಕಂದೀಲಿನ ಮನೆಯಾದುದರಿಂದ ಉಳಿದ ರಾತ್ರಿ ನಮಗೆ ಕತ್ತಲೆಯೇ.

ಇನ್ನು ಹೇಳುವ ಮಾತು ನಮಗೆ ಗೌರವವನ್ನು ತರುವುದಲ್ಲ. ಹೇಳದಿದ್ದರೆ ಮಾತ್ರ ಈ ಬರಹವೇ ವ್ಯರ್ಥ.

ನಾವು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದೆವು, 1966ನೆಯ ಇಸವಿ. ಅಂದು ಊಟದ ಡಬ್ಬಿಯನ್ನು ಮನೆಯಲ್ಲಿ ಮರೆತು ಬಂದಿದ್ದೆವು. ಲೋಂಡಾದಿಂದ ಬಂದು ಆಗತಾನೆ ಕೆಲಸ ಬಿಟ್ಟ ತಂದೆಯವರಿಗೆ ದಾರಿಯಲ್ಲಿ ತಾಯಿಯವರು ಎದುರಾಗಿ ಡಬ್ಬಿಯನ್ನು ಕೊಟ್ಟರಂತೆ. ತಂದೆಯವರು ಸ್ನಾನಕ್ಕೂ ನಿಲ್ಲದೆ ನೇರವಾಗಿ ಶಾಲೆಗೆ ಬಂದರು. ನಡುಹಗಲಿನ ಬಿಸಿಲು. ಮೈಯೆಲ್ಲ ಮಸಿ, ಅಂಗಿಯೆಲ್ಲ ಎಣ್ಣೆ. ಕಣ್ಣು ಹಲ್ಲುಗಳೆರಡೇ ಬೆಳ್ಳಗೆ. ಪೇಟೆಯ ಸಾಹುಕಾರರ ಮಕ್ಕಳು ನಮ್ಮ ಜೊತೆಗಿದ್ದರು. ಅವರಲ್ಲೊಬ್ಬನು, “ಯಾರೋ ಅಂವಾ?” ಎಂದು ಕೇಳಿದನು. “ಯಾರೋ ರೈಲ್ವೆ ಕೂಲಿಯಂವಾ. ನಮ್ಮ ಮನ್ಯಾಗ ಡಬ್ಬಿ ಕೊಟ್ಟು ಕಳಿಸ್ಯಾರ” ಎಂದೆವು. ತಂದೆಯವರು ನಮ್ಮಿಂದ ನಾಲ್ಕು ಮಾರು ದೂರದಲ್ಲಿದ್ದರು. ಅವರು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ನಮ್ಮ ಕಡೆಗೆ ನೋಡಲಿಲ್ಲ. ತಿರುಗಿ ಹೋದರು.

ಮನೆಗೆ ಬಂದ ಮೇಲೆ ಏಟು ಬೀಳುವುದೆಂದು ಹೆದರಿದ್ದೆವು. ಏಟು ಬೀಳಲಿಲ್ಲ, ಒಂದು ಮಾತೂ ಬರಲಿಲ್ಲ. ಅವರಿಗೆ ಕೇಳಿಸಲಿಲ್ಲವೆಂದು ನಾವು ನಮ್ಮಷ್ಟಕ್ಕೆ ನಿಶ್ಚಯಿಸಿಕೊಂಡೆವು. ಮಕ್ಕಳಿಗೆ ತಮಗೆ ಬೇಕಾದುದನ್ನು ನಂಬುವುದು ಬಹಳ ಸುಲಭ. ದೊಡ್ಡವರಾದ ಮೇಲೂ ಅದೇನು ಕಷ್ಟವಾಗುವುದಿಲ್ಲ.

ಅದೇ ವರ್ಷದ ಖಂಡೇಪೂಜೆಗೆ ತಂದೆಯವರು ನಮ್ಮನ್ನು ಶೆಡ್ಡಿಗೆ ಕರೆದೊಯ್ದರು. ಆ ಒಂದು ದಿನ ಮಾತ್ರ ಹೆಂಗಸರು ಮಕ್ಕಳು ಒಳಗೆ ಬರಬಹುದಾಗಿದ್ದಿತು. ಎಂಜಿನುಗಳಿಗೆಲ್ಲ ಚೆಂಡುಹೂವಿನ ಮಾಲೆ, ಬಾಳೆಯ ಕಂಬ, ಮೂತಿಗೆ ವಿಭೂತಿ ಕುಂಕುಮ. ತಂದೆಯವರು ನಮ್ಮನ್ನೆತ್ತಿ ಎಂಜಿನಿನೊಳಗೆ ನಿಲ್ಲಿಸಿದರು. ಒಲೆಯ ಬಾಗಿಲನ್ನು ತೆರೆದು ತೋರಿಸಿದರು. ಆ ಕಾವಿಗೆ ನಾವು ಹಿಂದೆ ಸರಿದೆವು. ಅವರು ಎಂಟು ಹತ್ತು ತಾಸು ಅದರ ಮುಂದೆ ನಿಂತು, ತೂಗಾಡುವ ನೆಲದ ಮೇಲೆ ಕಾಲೂರಿ, ಸಲಿಕೆಯಿಂದ ಕಲ್ಲಿದ್ದಲನ್ನು ಒಲೆಯ ಮೂಲೆಮೂಲೆಗೆ ಸಮನಾಗಿ ಎರಚುತ್ತಿದ್ದರೆಂಬುದು ಅಂದು ತಿಳಿಯಿತು. ಒಂದು ಕಡೆ ಗುಡ್ಡೆಯಾದರೆ ಇನ್ನೊಂದು ಕಡೆ ಬೆಂಕಿ ಸಾಯುವುದು. ಬೆಂಕಿ ಸತ್ತರೆ ಏರಿನ ನಡುವೆ ಬಂಡಿ ನಿಲ್ಲುವುದು. ಆಮೇಲೆ ಒಂದು ನೆಟ್ಟಗಿನ ಗಾಜಿನ ಕೊಳವೆಯನ್ನು ತೋರಿಸಿ, “ತಮ್ಮಾ, ಈ ಗಾಜಿನ್ಯಾಗ ನೀರು ಕಾಣತೈತಲ್ಲ, ಅದು ಕಾಣೂತನಕ ನಾವು ಮನೀಗೆ ಬರತೀವಿ” ಎಂದರು. ಒಲೆಯ ಮೇಲ್ತಗಡಿನ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಕೆಳಗಿಳಿದರೆ ಆ ತಗಡು ಕೆಂಪಗೆ ಕಾದು ಮೆತ್ತಗಾಗಿ, ಉಗಿಯ ಒತ್ತಡಕ್ಕೆ ಒಡೆಯುವುದು. ಹಾಗಾಗದಂತೆ ಅಲ್ಲೊಂದು ಸೀಸದ ಬೆಣೆಯನ್ನಿಟ್ಟಿರುವರು. ಅದು ಮೊದಲೇ ಕರಗಿ ಉಗಿಯನ್ನು ಒಲೆಯೊಳಗೆ ಬಿಟ್ಟು ಎಚ್ಚರಿಸುವುದು. ಇದನ್ನೆಲ್ಲ ಕೇಳಿ ನಮ್ಮೆದೆ ನಡುಗಿತು. ಶಾಲೆಯ ಬಾಗಿಲಲ್ಲಿ ಆಡಿದ ಮಾತು ನಾಲಿಗೆಯ ತುದಿಗೆ ಬಂದಿತು. ಆದರೆ ಸುತ್ತಲೂ ಜನರಿದ್ದರು, ಪೇಡೆ ಹಂಚುತ್ತಿದ್ದರು. ನಾಳೆ ಹೇಳೋಣವೆಂದುಕೊಂಡೆವು.

ಆ ನಾಳೆ ಬರಲಿಲ್ಲ. ನಾವು ಕಾಲೇಜು ಸೇರಿ, ಬೇರೆ ಊರಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸವನ್ನು ಸಂಪಾದಿಸಿ, ಬೆಳ್ಳಗಿನ ಅಂಗಿ ತೊಟ್ಟೆವು. ತಂದೆಯವರು ನಿವೃತ್ತರಾದರು. ಎಂಜಿನಿನ ಅಬ್ಬರದಲ್ಲಿ ಮೂವತ್ತೆಂಟು ವರ್ಷ ಕಳೆದ ಅವರ ಕಿವಿಗಳು ವರ್ಷವರ್ಷಕ್ಕೆ ಮಂದವಾಗುತ್ತ, ಕೊನೆಗೆ ಪೂರ್ತಿ ಮುಚ್ಚಿಹೋದವು. ಅವರೊಡನೆ ಮಾತಾಡಬೇಕಾದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕಾಗುತ್ತಿದ್ದಿತು. “ಊಟಕ್ಕ ಏಳ್ರಿ” ಎಂದು ಕೂಗಬಹುದು. “ತಪ್ಪಾಯಿತು” ಎಂದು ಹೇಗೆ ಕೂಗುವುದು? 2009ರಲ್ಲಿ ಅವರು ತೀರಿಕೊಂಡರು.

ಅಷ್ಟರಲ್ಲಿ ಉಗಿಯಂತ್ರಗಳ ಕಾಲವೂ ತೀರಿದ್ದಿತು. ಅಗಲ ಹಳಿಗಳಿಗೆಂದು ಚಿತ್ತರಂಜನದಲ್ಲಿ ಮಾಡಿದ ಕೊನೆಯ ಉಗಿಯಂತ್ರವು 1970ರಲ್ಲಿಯೇ ಹೊರಬಂದಿದ್ದಿತು. ಡೀಸೆಲ್ ಎಂಜಿನುಗಳು ಒಂದೊಂದಾಗಿ ಬಂದು ಕೆಲಸವನ್ನು ವಹಿಸಿಕೊಂಡವು. 1990ರ ದಶಕದಲ್ಲಿ ನಮ್ಮ ಕಡೆಯ ಮೀಟರು ಹಳಿಗಳನ್ನು ಕಿತ್ತು ಐದೂವರೆ ಅಡಿಯ ಅಗಲ ಹಳಿಗಳನ್ನು ಹಾಸಿದರು. ದೇಶದಲ್ಲಿ ಅಗಲ ಹಳಿಗಳ ಮೇಲೆ ನಿತ್ಯದ ಉಗಿಬಂಡಿಯು 1995ರಲ್ಲಿಯೂ, ಮೀಟರು ಹಳಿಗಳ ಮೇಲೆ 2000ದಲ್ಲಿಯೂ ಕೊನೆಯ ಓಟವನ್ನು ಓಡಿತು. ನಷ್ಟವಾಯಿತೆಂದು ನಾವು ಗೋಳಿಡುವವರಲ್ಲ. ಇನ್ನೊಬ್ಬ ತಾಯಿಯ ಮಗನು ಆ ಒಲೆಯ ಮುಂದೆ ಬೇಯಬೇಕಾಗಿಲ್ಲವೆಂಬುದು ಸಂತೋಷದ ಮಾತೇ. 2023ರಲ್ಲಿ ಅದೇ ಹುಬ್ಬಳ್ಳಿಯ ನಿಲ್ದಾಣದಲ್ಲಿ 1,507 ಮೀಟರು ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾದ ಪ್ಲಾಟ್‌ಫಾರ್ಮು ತೆರೆಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಷ್ಟರಲ್ಲಿ ನಮ್ಮಂಥ ಮುದುಕರಿಗೆ ಒಂದು ಯಾತ್ರೆ ಮಾಡಿದಂತಾಗುವುದು.

ತಂದೆಯವರು ತೀರಿಕೊಂಡ ಮರುವರ್ಷ ಹಳೆಯ ಮನೆಯನ್ನು ಬಿಟ್ಟು ಹೊಸ ಮನೆಗೆ ಹೋದೆವು. ಅಲ್ಲಿ ಸ್ಥಳ ಕಡಿಮೆ. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನೂ ಆ ಕಂದೀಲನ್ನೂ ಗುಜರಿಯವನ ತಕ್ಕಡಿಗೆ ಹಾಕಿದವರು ನಾವೇ. ಇನ್ನೂರು ರೂಪಾಯಿಗೂ ಕಡಿಮೆ ಬಂದಿತು. ಪೆಟ್ಟಿಗೆಯ ಒಳಗೆ ಒಂದು ಸಾಬೂನಿನ ಡಬ್ಬಿಯೂ, ಅದರಲ್ಲಿ ಬೆರಳಿನಷ್ಟು ಒಣಗಿ ಸೀಳಿದ ಸಾಬೂನೂ ಇದ್ದವು. ಮಸಿಯ ಕೆಲಸದವರಿಗೆ ಈ ಸೊಗಸೇಕೆಂದು ಅಂದುಕೊಂಡು ಅದನ್ನೂ ಎಸೆದೆವು.

2020ರಲ್ಲಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ, ರೈಲ್ವೆ ಆಸ್ಪತ್ರೆಯ ಎದುರಿಗೆ, ರೈಲ್ವೆ ವಸ್ತುಸಂಗ್ರಹಾಲಯವು ಸಿದ್ಧವಾಯಿತು. ಮೈಸೂರಿನಲ್ಲಿ 1979ರಿಂದಲೇ ಅಂಥದೊಂದು ಇರುವುದು. ಉತ್ತರ ಕರ್ನಾಟಕಕ್ಕೆ ಇದೇ ಮೊದಲನೆಯದು. ಮಲಪ್ರಭಾ, ಘಟಪ್ರಭಾ ಎಂಬ ಹೆಸರಿನ ಎರಡು ಹಳೆಯ ಕಟ್ಟಡಗಳನ್ನು ಚೊಕ್ಕಟಮಾಡಿ, ಹಿಂದಿನ ಟಿಕೀಟು ಮುದ್ರಿಸುವ ಯಂತ್ರ, ಗಡಿಯಾರ ಮುಂತಾದುವುಗಳನ್ನು ಒಪ್ಪವಾಗಿ ಜೋಡಿಸಿರುವರು. ಹೊರಗೆ ಹಳೆಯ ಎಂಜಿನುಗಳನ್ನೂ ಡಬ್ಬಿಗಳನ್ನೂ ನಿಲ್ಲಿಸಿರುವರು; ಮಕ್ಕಳಿಗೆ ಆಟದ ರೈಲೂ ಇರುವುದು. 2022ರ ದಸರೆಯ ರಜೆಯಲ್ಲಿ ನಾವು ತಾಯಿಯವರನ್ನೂ ಮೊಮ್ಮಗನನ್ನೂ ಕರೆದುಕೊಂಡು ಅಲ್ಲಿಗೆ ಹೋದೆವು.

ತಾಯಿಯವರು ಕಿರಿಯ ಹಳಿಯ ಉಗಿಯಂತ್ರವೊಂದರ ಮುಂದೆ ಬಹಳ ಹೊತ್ತು ನಿಂತರು. ಬಣ್ಣ ಹಚ್ಚಿ ಥಳಥಳಿಸುವಂತೆ ಮಾಡಿದ್ದರು. “ಇದು ಅಲ್ಲ ಬಿಡು, ಇದು ಸಣ್ಣದೈತಿ” ಎಂದರು. ಅದರ ಪಕ್ಕದ ಮೇಲೆ ಕೈಯಾಡಿಸಿ, ಅಂಗೈಯನ್ನು ತಿರುಗಿಸಿ ನೋಡಿ, “ಮಸೀನ ಹತ್ತೂದಿಲ್ಲ” ಎಂದು ನಕ್ಕರು. ಮೊಮ್ಮಗನು, “ಅಜ್ಜಾ, ಮುತ್ತಜ್ಜ ಇದರಾಗ ಎಲ್ಲಿ ನಿಂದರತಿದ್ದ?” ಎಂದು ಕೇಳಿದನು. ನಾವು ಕೈಮಾಡಿ ತೋರಿಸಿದೆವು. “ಮಸಿ ಹತ್ತತಿತ್ತೇನು?” ಎಂದನು. ಅದಕ್ಕೆ ತಾಯಿಯವರು ಉತ್ತರ ಕೊಟ್ಟರು. “ಹತ್ತತಿತ್ತಪ್ಪಾ. ನಿಮ್ಮಜ್ಜ ಒಂದಿನ ಸಾಲ್ಯಾಗ ಏನೋ ಅಂದ ಮ್ಯಾಲೆ, ಪೆಟ್ಟಿಗ್ಯಾಗ ಸಾಬಾಣ ಇಟಗೊಂಡು ಹೋಗತಿದ್ರು. ಶೆಡ್ಡಿನ ನಳಕ್ಕ ಎರಡೆರಡು ಸಲ ಮಾರಿ ತೊಳಕೊಂಡ ಓಣ್ಯಾಗ ಬರತಿದ್ರು. ಹುಡುಗಗ ನಾಚಿಕಿ ಆಗಬಾರದಂತ.”

ನಮ್ಮ ಕಾಲ ಕೆಳಗಿನ ನೆಲವು ಸರಿದಂತಾಯಿತು. “ನಿನಗ ಹೇಳಿದ್ರಾ?” ಎಂದೆವು. “ಅವತ್ತ ಸಂಜೀಕೇ ಹೇಳಿದ್ರು. ಸಿಟ್ಟೇನು ಮಾಡಲಿಲ್ಲ. ಕಲ್ಲಿದ್ದಲು ಹೊಡ್ಯಾಂವಾ ಕೂಲೀನ ಅಲ್ಲೇನು, ಖರೇನ ಅಂದಾನ, ಅಂದ್ರು. ಆಮ್ಯಾಲೆ ಊಟ ಮಾತ್ರ ಮಾಡಲಿಲ್ಲ.”

ಐವತ್ತಾರು ವರ್ಷ ಆ ಮಾತನ್ನು ಅವರಿಬ್ಬರೂ ತಮ್ಮೊಳಗೆ ಇಟ್ಟುಕೊಂಡಿದ್ದರು. ನಾವು ಗುಜರಿಗೆ ಹಾಕಿದ ಪೆಟ್ಟಿಗೆಯು ಇಂದು ಉಳಿದಿದ್ದರೆ, ಗಾಜಿನ ಕಪಾಟಿನಲ್ಲಿಡಿರೆಂದು ಕೇಳಿಕೊಳ್ಳಬಹುದಾಗಿದ್ದಿತು. ಜನರು ಬಂದು, ಡ್ರೈವರನ ಪೆಟ್ಟಿಗೆ ಎಂಬ ಚೀಟಿಯನ್ನೋದಿ ಮುಂದೆ ಹೋಗುತ್ತಿದ್ದರು. ಒಳಗಿನ ಸಾಬೂನು ಅಲ್ಲೇಕೆ ಬಂದಿತೆಂಬುದನ್ನು ಯಾವ ಚೀಟಿಯೂ ಹೇಳುತ್ತಿರಲಿಲ್ಲ. ವಸ್ತುಗಳನ್ನು ಕಾಯುವ ಮಹನೀಯರು ದೊಡ್ಡ ಉಪಕಾರವನ್ನು ಮಾಡಿರುವರು. ಅವರ ಶ್ರಮಕ್ಕೆ ನಾವು ಕೃತಜ್ಞರು. ಆದರೆ ಅವರ ಕೈಗೆ ಸಿಕ್ಕುವುದು ಕಬ್ಬಿಣ. ಅದನ್ನು ಬೆಳಗಿನ ಜಾವ ಎಬ್ಬಿಸಿದವರ ಸಂಗತಿಯು ಮನೆಗಳಲ್ಲಿರುವುದು, ಅದೂ ಹೆಚ್ಚಾಗಿ ಮನೆಯ ಹೆಂಗಸರಲ್ಲಿ. ಕಾಲ್‌ಬಾಯಿಯ ಪುಸ್ತಕದಲ್ಲಿ ಅವರ ಸಹಿ ಎಲ್ಲಿಯೂ ಇರಲಾರದು. ಆದರೂ ಅವರು ಕಂದೀಲು ಹಿಡಿಯದೆ ಆ ಪುಸ್ತಕದಲ್ಲಿ ಒಂದು ಸಹಿಯೂ ಬೀಳುತ್ತಿರಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ ರೈಲಿನಲ್ಲಿಯೋ, ಗಿರಣಿಯಲ್ಲಿಯೋ, ಟಪಾಲಿನಲ್ಲಿಯೋ ದುಡಿದವರ ಹೆಂಡತಿಯಾಗಲಿ ತಂಗಿಯಾಗಲಿ ಬದುಕಿದ್ದರೆ, ಇಂದು ಸಾಯಂಕಾಲವೇ ಅವರ ಹತ್ತಿರ ಕುಳಿತು ಕೇಳಿರಿ. ಏನು ಬುತ್ತಿ ಕಟ್ಟುತ್ತಿದ್ದಿರಿ, ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಯಾವುದಕ್ಕೆ ಹೆದರುತ್ತಿದ್ದಿರಿ ಎಂದು ಕೇಳಿರಿ. ಕೇಳಿದುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ತಪ್ಪೊಪ್ಪಿಕೊಳ್ಳುವುದೇನಾದರೂ ಇದ್ದರೆ ಕಿವಿಗಳು ಮುಚ್ಚುವುದಕ್ಕೆ ಮೊದಲೇ ಒಪ್ಪಿಕೊಳ್ಳಿರಿ.

ನಾವು ಅಂದಿನಿಂದ ಪ್ರತಿದಿನ ರಾತ್ರಿ ಊಟವಾದ ಮೇಲೆ ತಾಯಿಯವರ ಹಾಸಿಗೆಯ ಬಳಿ ವಹಿಯನ್ನು ಹಿಡಿದು ಕುಳಿತುಕೊಳ್ಳುವೆವು. ಈಗ ಎರಡನೆಯ ವಹಿ ನಡೆದಿರುವುದು. ಅವರಿಗೆ ಈಗಲೂ ನಡುರಾತ್ರಿಯಲ್ಲಿ ಎಚ್ಚರವಾಗುವುದುಂಟು. ಮೊನ್ನೆ ಹಾಗೆಯೇ ಎದ್ದು ಕುಳಿತು, “ಯಾರೋ ಚಿಲಕ ಬಡದ್ರಲ್ಲ?” ಎಂದರು. ಯಾರೂ ಇಲ್ಲವೆಂದೆವು. “ಇರಲಿ, ದೀಪ ಹಚ್ಚು” ಎಂದರು. ನಾವು ಎದ್ದು ದೀಪ ಹಚ್ಚಿದೆವು.